ಅಜ್ಜಿ ಹೇಳುವ ಊರು ಒಂದೊಂದು ಸಲ ಒಂದೊಂದು ಥರ ಯಾಕೆ?

ಪ್ರಶ್ನೆ: ನಮ್ಮ ಅಜ್ಜಿಗೆ 78. ಲಿಂಗನಮಕ್ಕಿ ಹಿನ್ನೀರಿನಲ್ಲಿ ತವರುಮನೆ ಮುಳುಗಿದಾಗ ಅವರಿಗೆ ಹದಿನಾರೋ ಹದಿನೇಳೋ. ಆ ಮನೆಯ ಜಗಲಿ, ಕೊಟ್ಟಿಗೆ, ಬಾವಿಕಟ್ಟೆ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ಆದರೆ ಹೋದ ವರ್ಷ ‘ಸಾಮಾನು ಲಾರಿಯಲ್ಲಿ ಹೋಯ್ತು’ ಎಂದವರು ಈಗ ಎತ್ತಿನಗಾಡಿ ಅನ್ನುತ್ತಾರೆ. ಬೆಳಗ್ಗೆ ಮಾತ್ರೆ ನುಂಗಿದ್ದಂತೂ ನೆನಪೇ ಇರುವುದಿಲ್ಲ. ಅವರ ಮಾತು ರೆಕಾರ್ಡ್ ಮಾಡಿಡಬೇಕೆಂದಿದ್ದೇವೆ. ಎಷ್ಟು ನಂಬಬಹುದು? (ಸಾಗರ)

ಉತ್ತರ: ಅಜ್ಜಿ ಸುಳ್ಳು ಹೇಳುತ್ತಿಲ್ಲ. ಸುಮಾರು 10ರಿಂದ 30ರ ವಯಸ್ಸಿನೊಳಗೆ ಆದದ್ದು ಮುಪ್ಪಿನಲ್ಲಿ ಹೆಚ್ಚಾಗಿ ನೆನಪಿಗೆ ಬರುತ್ತದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವರ ಆ ವಯಸ್ಸು, ಊರು ಬಿಟ್ಟ ಸಂಕಟ, ಅರವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದದ್ದು, ಮೂರೂ ಸೇರಿ ನೆನಪು ಗಟ್ಟಿಯಾಗಿದೆ. ಆದರೆ ನೆನಪು ಕ್ಯಾಸೆಟ್ ಅಲ್ಲ. ಹೇಳುವಾಗೆಲ್ಲ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ, ಬೇರೆಯವರಿಂದ ಕೇಳಿದ್ದೂ ಅದರೊಳಗೆ ಸೇರಿಕೊಳ್ಳುತ್ತದೆ. ಪಕ್ಕದ ಮನೆಯವರ ಸಾಮಾನು ಲಾರಿಯಲ್ಲಿ ಹೋಗಿದ್ದಿರಬಹುದು.

ನಾವು ಕೇಳುವ ಮಾತೂ ನೆನಪನ್ನು ತಿದ್ದುತ್ತದೆ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಕೆಲವರಿಗೆ ಕಾರುಗಳು ‘ಢಿಕ್ಕಿಯಾದಾಗ’ ಎಂದೂ ಕೆಲವರಿಗೆ ‘ಅಪ್ಪಳಿಸಿದಾಗ’ ಎಂದೂ ಹೇಳಿ ವೇಗ ಎಷ್ಟಿತ್ತೆಂದು ಕೇಳಿದರು. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು. ವಾರ ಬಿಟ್ಟು ಕೇಳಿದಾಗ ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ನೋಡಿದ್ದೇವೆ ಎಂದವರೂ ಅವರಲ್ಲೇ ಹೆಚ್ಚು.

ಹಾಗಾಗಿ ‘ಅಂಗಳದಲ್ಲಿ ಹಲಸಿನ ಮರ ಇತ್ತಲ್ವಾ ಅಜ್ಜಿ?’ ಎಂದು ಕೇಳಲೇಬೇಡಿ. ‘ಅಂಗಳದಲ್ಲಿ ಏನೇನಿತ್ತು?’ ಅನ್ನಿ, ಸುಮ್ಮನಿರಿ. ಅವರು ನಿಲ್ಲಿಸಿದರೆ ಹತ್ತು ಎಣಿಸುವಷ್ಟು ಕಾದು ‘ಆಮೇಲೆ?’ ಅಂದರೆ ಸಾಕು. ತಿಂಡಿಯಾದ ಮೇಲೆ, ದಿನಕ್ಕೆ ಮುಕ್ಕಾಲು ಗಂಟೆ ಮೀರದಂತೆ ಕೂರಿಸಿ. ದಣಿದವರಿಗೆ ಹೆಸರು ಹೊಳೆಯುವುದಿಲ್ಲ. ಅವರ ತಂಗಿಯೋ ತಮ್ಮನೋ ಇದ್ದರೆ ಮೊದಲು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಹೇಳಿದವರ ಮಾತೇ ಇಬ್ಬರ ನೆನಪೂ ಆಗಿಬಿಡುತ್ತದೆ.

ಎರಡನೇ ದಿನ ಕೈಗೆ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಮನೆಯ ನಕ್ಷೆ ಬರೆಸಿ. ಹೆಬ್ಬಾಗಿಲಿನಿಂದ ಹಿತ್ತಲಿನವರೆಗೆ ಮನಸ್ಸಿನಲ್ಲೇ ನಡೆಯುತ್ತಾ ಹೋದ ಹಾಗೆ, ಕೇಳಿದರೆ ಬಾರದ ಸಂಗತಿಗಳೂ ಬರುತ್ತವೆ. ವಾಸನೆಯನ್ನೂ ಬಳಸಿ. ಮಿದುಳಿನಲ್ಲಿ ವಾಸನೆಯ ದಾರಿ ಭಾವನೆ, ನೆನಪುಗಳ ಭಾಗಕ್ಕೆ ತೀರಾ ಹತ್ತಿರ. ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ಮೂಸಲು ಕೊಡಿ, ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಕೂರಿಸಿ. ಇಸವಿ ಕೇಳಬೇಡಿ, ‘ಮದುವೆಗೆ ಮುಂಚೆಯೋ ಆಮೇಲೋ?’ ಅನ್ನಿ. ಆಮೇಲೆ ಪರಿಹಾರದ ಕಾಗದ, ಹಳೆಯ ಪಹಣಿಯ ಜೊತೆ ತಾಳೆ ನೋಡಿ. ಮೊದಲ ರೆಕಾರ್ಡಿಂಗನ್ನು ತಿದ್ದದೆ ದಿನಾಂಕ ಬರೆದಿಡಿ. ಲಾರಿಯೂ ಇರಲಿ, ಗಾಡಿಯೂ ಇರಲಿ.

ಮಾತ್ರೆಗೆ ವಾರದ ಏಳು ಖಾನೆಯ ಡಬ್ಬಿ ತನ್ನಿ, ಕಾಫಿ ಲೋಟದ ಪಕ್ಕದಲ್ಲೇ ಇಡಿ. ಖಾನೆ ಖಾಲಿಯಿದ್ದರೆ ನುಂಗಿದ್ದಾರೆ, ನೆನಪಿನ ಹಂಗೇ ಬೇಡ. ಆದರೆ ಒಂದೇ ಗಂಟೆಯಲ್ಲಿ ಅದನ್ನೇ ನಾಲ್ಕು ಸಲ ಕೇಳುವುದು, ಬಳಸಿದ ದಾರಿ ತಪ್ಪುವುದು, ದಿನಾ ಮಾಡುವ ಅಡುಗೆ ಎಡವಟ್ಟಾಗುವುದು ಕಂಡರೆ ವಯಸ್ಸಾಯಿತೆಂದು ಬಿಡಬೇಡಿ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ, ಕಿವಿಯ ಪರೀಕ್ಷೆ ಮಾಡಿಸಿ. ನಿದ್ದೆಯ ಮತ್ತು ಕೆಲವು ಅಲರ್ಜಿ ಮಾತ್ರೆಗಳೂ ಮರೆವು ತರುತ್ತವೆ, ಚೀಟಿಯನ್ನು ವೈದ್ಯರಿಗೆ ತೋರಿಸಿ. ಒಂದೆರಡು ದಿನದಲ್ಲೇ ಗಲಿಬಿಲಿ ಶುರುವಾದರೆ ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಒಂದೂವರೆ ವರ್ಷದವನಿದ್ದಾಗ ಅಜ್ಜ ಹೆಗಲ ಮೇಲೆ ಕೂರಿಸಿಕೊಂಡು ತುಂಗಾ ತೀರದ ಎಳ್ಳಮಾವಾಸ್ಯೆ ಜಾತ್ರೆ ತೋರಿಸಿದ್ದು ನೆನಪಿದೆ. ನಿಜವೇ? (ತೀರ್ಥಹಳ್ಳಿ)

ಉತ್ತರ: ಜಾತ್ರೆಗೆ ಹೋದದ್ದು ನಿಜವಿರಬಹುದು. ಆದರೆ ಮೂರು ವರ್ಷಕ್ಕೆ ಮುಂಚಿನ ನೆನಪು ದೊಡ್ಡವರಲ್ಲಿ ಉಳಿಯುವುದು ತೀರಾ ಅಪರೂಪ. ಮನೆಯವರು ಹೇಳಿದ್ದು, ಫೋಟೊದಲ್ಲಿ ಕಂಡದ್ದು ಸೇರಿ ಚಿತ್ರವಾಗಿರುತ್ತದೆ. ಒಂದು ಗುರುತು ನೋಡಿ: ಆ ನೆನಪಿನಲ್ಲಿ ಅಜ್ಜನ ಹೆಗಲ ಮೇಲಿರುವ ನೀವೇ ನಿಮಗೆ ಹೊರಗಿನಿಂದ ಕಾಣುತ್ತೀರಾ? ಹಾಗಿದ್ದರೆ ಮನೆಯ ಆಲ್ಬಮ್ಮನ್ನೊಮ್ಮೆ ತಿರುವಿ ಹಾಕಿ.