ವಾರ್ಡಿನಿಂದ ವಿಧಾನಸೌಧಕ್ಕೆ

ಪ್ರಶ್ನೆ: ನಮ್ಮ ವಾರ್ಡಿನ ಸದಸ್ಯರು ಚರಂಡಿ, ನಲ್ಲಿ ನೀರು ಅಂತ ಓಡಾಡುತ್ತಲೇ ಇರುತ್ತಾರೆ. ಇಂಥವರು ರಾಜ್ಯ ಮಟ್ಟಕ್ಕೆ ಏರಿದ್ದು ಉಡುಪಿಯಲ್ಲಿ ಉಂಟಾ?
– ಓದುಗರು, ಮಲ್ಪೆ

ಉತ್ತರ: ಉಂಟು. ಡಾ. ವಿ.ಎಸ್. ಆಚಾರ್ಯ ಅವರನ್ನೇ ನೋಡಿ. ವೃತ್ತಿಯಲ್ಲಿ ಡಾಕ್ಟರು. 1968ರಲ್ಲಿ ಜನಸಂಘ (ಇಂದಿನ ಬಿಜೆಪಿಯ ಮೂಲ ಪಕ್ಷ) ಉಡುಪಿ ಪುರಸಭೆಯ ಅಧಿಕಾರ ಹಿಡಿದಾಗ ಅಧ್ಯಕ್ಷರಾದವರು ಅವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಊರಿನಲ್ಲಿ ನಿಲ್ಲಿಸಿದ್ದು ಅವರ ಕಾಲದಲ್ಲೇ, ನನ್ನ ಮಟ್ಟಿಗೆ ಆಮೇಲಿನ ಯಾವ ಮಂತ್ರಿ ಪದವಿಗಿಂತಲೂ ಅದೇ ದೊಡ್ಡದು, ಯಾಕೆಂದರೆ ಆ ಕೆಲಸ ಮಾಡುತ್ತಿದ್ದವರ ನೋವು ಆಗ ಎಷ್ಟು ಜನರ ಕಣ್ಣಿಗೆ ಬಿದ್ದಿತ್ತು ಹೇಳಿ?

ಶಾಸಕರಾಗಿದ್ದು 1983ರಲ್ಲಿ. ಅಂದರೆ ನಡುವೆ 15 ವರ್ಷ! ಇದನ್ನು ಹುಡುಗರಿಗೆ ಹೇಳಬೇಕು. 2008ರಲ್ಲಿ ಗೃಹ ಸಚಿವರಾದರು, ನಂತರ ಉನ್ನತ ಶಿಕ್ಷಣ ಖಾತೆ ಸಿಕ್ಕಿತು, 2012ರ ಫೆಬ್ರವರಿಯಲ್ಲಿ ಸಚಿವರಾಗಿದ್ದಾಗಲೇ ತೀರಿಕೊಂಡರು.

ಕಾಂಗ್ರೆಸ್ ನಾಯಕ ಆಸ್ಕರ್ ಫರ್ನಾಂಡಿಸ್ ಅವರೂ ಉಡುಪಿ ಪುರಸಭೆಯ ಸದಸ್ಯರಾಗಿದ್ದವರೇ. ಆದರೆ ಅವರು 1980ರಲ್ಲಿ ನೇರವಾಗಿ ಲೋಕಸಭೆಗೆ ಹೋದರು.

ನಿಮ್ಮ ಸದಸ್ಯರಿಗೆ ಇದನ್ನು ಓದಲು ಕೊಡಿ.