ಟ್ರಿಗ್ಲೇವಿಯನ್ ಪಾತ್ರ ವಹಿಸಿದವರು ಹೊಸಬರನ್ನು ಹೀಯಾಳಿಸಬಹುದೇ?

ಬಾಹ್ಯಾಕಾಶ ನೌಕೆಗಳ ಆಟವಾದ ಈವ್ ಆನ್‌ಲೈನ್‌ನ ನಿಮ್ಮ ಕಾರ್ಪೊರೇಷನ್ನಿನಲ್ಲಿ, ಅಂದರೆ ಆಟಗಾರರ ತಂಡದಲ್ಲಿ, ಒಬ್ಬರು ಟ್ರಿಗ್ಲೇವಿಯನ್ ಎಂಬ ಕ್ರೂರ ಬಣದ ಪಾತ್ರ ವಹಿಸಿ ಹೊಸಬರ ನೌಕೆಗಳನ್ನು ಒಡೆಯುತ್ತಾರೆ, ಅಷ್ಟಕ್ಕೆ ನಿಲ್ಲದೆ ಅವರ ಊರು, ಮನೆತನ, ಮಾತಿನ ಧಾಟಿ ಹಿಡಿದು ವಾಯ್ಸ್ ಚಾಟಿನಲ್ಲಿ ದಿನಗಟ್ಟಲೆ ಹೀಯಾಳಿಸುತ್ತಾರೆ, ಕೇಳಿದರೆ ‘ಟ್ರಿಗ್ಲೇವಿಯನ್ನರಿಗೆ ಕರುಣೆ ಇಲ್ಲ, ನಾನು ಲೋರ್ (ಆಟದ ಹಿನ್ನೆಲೆ ಕಥೆ) ಪಾಲಿಸುತ್ತಿದ್ದೇನೆ’ ಎನ್ನುತ್ತಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ಕುಳಿತು ಬಹುಕಾಲದಿಂದ ಈ ಆಟವಾಡುತ್ತಿರುವ ನನ್ನ ಅಭಿಪ್ರಾಯವಿದು: ನೌಕೆ ಒಡೆದದ್ದು ಸರಿಯಿರಬಹುದು, ಹೀಯಾಳಿಕೆ ಖಂಡಿತ ತಪ್ಪು, ಮತ್ತು ಅವರು ಹೇಳುವ ಲೋರ್ ಅವರ ಪರವಾಗಿಲ್ಲ.

ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ ಸಂಸ್ಥೆ 2003ರ ಮೇ ತಿಂಗಳಿನಲ್ಲಿ ಆರಂಭಿಸಿದ ಈ ಆಟದಲ್ಲಿ ಕಳ್ಳತನ, ಬೇಹುಗಾರಿಕೆ, ನಂಬಿಕೆದ್ರೋಹ ಎಲ್ಲಕ್ಕೂ ಅವಕಾಶವಿದೆ. ಹೆಚ್ಚು ಭದ್ರತೆಯ ವಲಯದಲ್ಲಿ ಕಾರಣವಿಲ್ಲದೆ ಗುಂಡು ಹಾರಿಸಿದವರನ್ನು ಕಾನ್‌ಕಾರ್ಡ್ ಎಂಬ ಪೊಲೀಸ್ ಪಡೆ ನಾಶಮಾಡುತ್ತದೆಯಾದರೂ ಅದು ಬರುವುದು ದಾಳಿ ಆರಂಭವಾದ ಮೇಲೆ. ಆಟದಲ್ಲಿ ನಾವು ನಡೆಸುವ ಪೈಲಟ್‌ಗಳಾದ ಕ್ಯಾಪ್ಸೂಲಿಯರ್‌ಗಳು ಸತ್ತರೂ ಮತ್ತೊಂದು ದೇಹದಲ್ಲಿ ಎಚ್ಚರಗೊಳ್ಳುವವರಾದ್ದರಿಂದ, ಕಥೆಯ ಒಳಗೆ ಸಾವೂ ಒಂದು ವ್ಯವಹಾರವೇ. ಆದರೆ ಹೊಸ ಆಟಗಾರರು ಆಟ ಕಲಿಯಲು ಆರಂಭಿಸುವ ನಕ್ಷತ್ರವ್ಯೂಹಗಳಲ್ಲಿ ಅವರನ್ನು ಕಾಡುವುದನ್ನು ಸಂಸ್ಥೆ ನಿಷೇಧಿಸಿದೆ. ಹಾಗಾಗಿ ದಾಳಿ ಎಲ್ಲಿ ನಡೆಯಿತು ಎಂಬುದನ್ನು ಮೊದಲು ವಿಚಾರಿಸಿ.

ಇನ್ನು ಲೋರ್ ವಿಷಯ. ಟ್ರಿಗ್ಲೇವಿಯನ್ನರನ್ನು ಎಲ್ಲರೂ ಅನ್ಯಲೋಕದವರೆಂದೇ ಮಾತನಾಡುತ್ತಾರೆ, ಅವರ ನೌಕೆಗಳ ಆಕಾರವೂ ಭಾಷೆಯೂ ಅಷ್ಟೇ ವಿಚಿತ್ರವಾಗಿವೆ. ಆದರೂ ಆಟದ ಕಥೆಯ ಪ್ರಕಾರ ಅವರೂ ಮನುಷ್ಯರ ವಂಶದವರೇ, ಅಬಿಸಲ್ ಡೆಡ್‌ಸ್ಪೇಸ್ ಎಂಬ ಕಂದಕದಲ್ಲಿ ತಲೆತಲಾಂತರ ಬೇರ್ಪಟ್ಟು ಬದುಕಿದವರು. 2018ರಲ್ಲಿ ಆ ಕಂದಕಕ್ಕೆ ದಾರಿ ತೆರೆದಾಗ ಆಟಗಾರರಿಗೆ ಮೊದಲು ಎದುರಾದದ್ದು ಅವರ ಪರೀಕ್ಷೆಯ ಕಲ್ಪನೆ. ಒಳಹೊಕ್ಕವರು 20 ನಿಮಿಷಗಳೊಳಗೆ ಹೊರಬರದಿದ್ದರೆ ನೌಕೆಯೂ ಹೋಗುತ್ತದೆ, ಪೈಲಟ್ ಕೂಡ. ಇದು ನಿರ್ದಯವೆಂಬುದು ನಿಜ, ಆದರೆ ಎಲ್ಲರಿಗೂ ಒಂದೇ ಕಟ್ಟಳೆ, ಯಾರ ಮೇಲೂ ವೈಯಕ್ತಿಕ ದ್ವೇಷವಿಲ್ಲ. ಪೆರುನ್, ಸ್ವರೋಗ್, ವೆಲೆಸ್ ಎಂಬ ಅವರ ಮೂರು ಕುಲಗಳ ಸಂದೇಶಗಳನ್ನು ಓದಿ ನೋಡಿ. ಎಲ್ಲವೂ ಮಂತ್ರ ಪಠಿಸಿದಂತೆ ಬಿಗಿಯಾದ, ವಿಧಿಬದ್ಧವಾದ ಮಾತು. ಪರೀಕ್ಷೆಯಲ್ಲಿ ಗೆದ್ದ ಹೊರಗಿನವರಿಗೂ ಅವರಲ್ಲಿ ಮನ್ನಣೆಯಿದೆ. 2020ರ ಆಕ್ರಮಣದಲ್ಲಿ ಅವರ ಪರ ಹೋರಾಡಿದ ಕ್ಯಾಪ್ಸೂಲಿಯರ್‌ಗಳನ್ನು ಅವರು ತಮ್ಮವರೆಂದು ಒಪ್ಪಿಕೊಂಡರು. ಆ ಆಟಗಾರರ ಶ್ರಮದಿಂದಲೇ ನಿಯಾರ್ಜಾ ಎಂಬ ನಕ್ಷತ್ರವ್ಯೂಹ ಟ್ರಿಗ್ಲೇವಿಯನ್ನರ ಕೈವಶವಾಯಿತು, ದೊಡ್ಡ ವ್ಯಾಪಾರ ಕೇಂದ್ರಗಳಾದ ಜೀಟಾದಿಂದ ಅಮಾರ್‌ಗೆ, ವ್ಯೂಹದಿಂದ ವ್ಯೂಹಕ್ಕೆ ಹತ್ತು ಜಿಗಿತಗಳ ಸುಮಾರಿಗಿದ್ದ ಸುರಕ್ಷಿತ ದಾರಿ ನಲವತ್ತನ್ನು ದಾಟಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ 27 ವ್ಯೂಹಗಳು ಬೇರ್ಪಟ್ಟು ಪೊಚ್ವೆನ್ ಎಂಬ ಟ್ರಿಗ್ಲೇವಿಯನ್ ಪ್ರದೇಶವಾದವು. ಸಾವಿರಾರು ವ್ಯಾಪಾರಿಗಳ ಬದುಕನ್ನೇ ತಲೆಕೆಳಗು ಮಾಡಿದ ಆ ಘಟನೆಯನ್ನು ಪಾತ್ರದೊಳಗಿದ್ದುಕೊಂಡೇ, ಒಬ್ಬ ಮನುಷ್ಯನನ್ನೂ ಹೆಸರು ಹಿಡಿದು ಅವಮಾನಿಸದೆ ನಡೆಸಲು ಸಾಧ್ಯವಿತ್ತು. ಅದು ನನಗೆ ಇಂದಿಗೂ ಈ ಆಟದ ಅತ್ಯುತ್ತಮ ಪಾತ್ರಾಭಿನಯವಾಗಿ ಕಾಣುತ್ತದೆ. ಅಂಥ ಬಣದ ಹೆಸರಿನಲ್ಲಿ ಎದುರಿಗಿರುವ ಹುಡುಗನ ಮನೆತನ ಎತ್ತಿ ಆಡುವವರು ಟ್ರಿಗ್ಲೇವಿಯನ್ ಪಾತ್ರವನ್ನೇ ಬಿಟ್ಟು ಹೊರಗೆ ಬಂದಿರುತ್ತಾರೆ.

ನಮ್ಮ ಗುಬ್ಬಿ, ಶಿರಾ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ ಪೌರಾಣಿಕ ನಾಟಕ ಆಡುವುದನ್ನು ನೀವೂ ನೋಡಿರಬಹುದು. ದುಶ್ಶಾಸನನ ಪಾತ್ರ ವಹಿಸಿದವರು ದ್ರೌಪದಿಯ ಮುಡಿಗೆ ಕೈಹಾಕಿ ಅಬ್ಬರಿಸುತ್ತಾರೆ, ಜನ ಶಪಿಸುತ್ತಾರೆ, ಅದು ಅವರ ನಟನೆಗೆ ಸಂದ ಗೌರವ. ಆದರೆ ಅವರು ಆ ಕಲಾವಿದೆಯ ಕೂದಲನ್ನು ನಿಜವಾಗಿ ಕಿತ್ತರೆ, ಅಥವಾ ಬಣ್ಣ ಕಳಚಿದ ಮೇಲೂ ಆಕೆಯನ್ನು ಹಂಗಿಸಿದರೆ, ದುಶ್ಶಾಸನ ಇರುವುದೇ ಹಾಗೆ ಎಂಬ ಸಮಾಧಾನವನ್ನು ಹಾರ್ಮೋನಿಯಂ ಮಾಸ್ತರರೂ ಒಪ್ಪುವುದಿಲ್ಲ, ಊರಿನವರೂ ಒಪ್ಪುವುದಿಲ್ಲ.

ಆಟದ ಸಂಸ್ಥೆಯೂ ಒಪ್ಪಿಲ್ಲ. 2012ರಲ್ಲಿ ರೇಕ್ಯಾವಿಕ್‌ನ ವಾರ್ಷಿಕ ಸಮಾವೇಶದ ವೇದಿಕೆಯಲ್ಲಿ, ಆಟಗಾರರೇ ಆರಿಸಿದ ಮಂಡಳಿಯ ಅಧ್ಯಕ್ಷರು, ಸಾಯುವ ಮಾತಾಡಿದ್ದ ಆಟಗಾರನೊಬ್ಬನ ಹೆಸರು ಹೇಳಿ ಅವನನ್ನು ಇನ್ನಷ್ಟು ಕಾಡುವಂತೆ ಸಭೆಗೆ ಕರೆಕೊಟ್ಟರು. ಅತ್ಯಂತ ಬಲಿಷ್ಠ ಒಕ್ಕೂಟದ ಮುಖಂಡರಾಗಿದ್ದ ಅವರನ್ನು 30 ದಿನ ಆಟದಿಂದ ಹೊರಗಿಡಲಾಯಿತು, ಅಧ್ಯಕ್ಷಸ್ಥಾನವೂ ಹೋಯಿತು. ಆಟದೊಳಗೆ ಮೋಸಕ್ಕೆ ಬಲಿಯಾದವನನ್ನು ಆಟದ ಹೊರಗಿನ ವಾಯ್ಸ್ ಚಾಟಿಗೆ ಕರೆದು ಗಂಟೆಗಟ್ಟಲೆ ಪೀಡಿಸಿದ ಇನ್ನೊಂದು ಪ್ರಕರಣ 2014ರಲ್ಲಿ ದೊಡ್ಡ ಚರ್ಚೆಯಾದಾಗಲೂ, ಮಾತು ನಡೆದದ್ದು ಆಟದ ಹೊರಗೆ ಎಂಬ ನೆಪ ನಿಲ್ಲಲಿಲ್ಲ.

ನಮ್ಮ ಊರಿನ ಪುಟ್ಟ ತಂಡದಲ್ಲಿ ಪಾಲಿಸುವ ಕ್ರಮವನ್ನು ನಿಮಗೂ ಸೂಚಿಸುತ್ತೇನೆ. ಪಾತ್ರದಲ್ಲಿದ್ದು ಮಾತನಾಡುವ ಚಾನೆಲ್ ಬೇರೆ, ಮನುಷ್ಯರಾಗಿ ಮಾತನಾಡುವ ಚಾನೆಲ್ ಬೇರೆ ಇರಬೇಕು. ನೌಕೆ ಒಡೆದವರು ಪಾತ್ರದ ಧಾಟಿಯಲ್ಲಿ ಒಂದು ಸಾಲು ಬರೆಯಬಹುದು, ಆಮೇಲೆ ಎರಡನೆಯ ಚಾನೆಲ್ಲಿಗೆ ಬಂದು ಹೊಸಬರಿಗೆ ಎಲ್ಲಿ ಎಡವಿದರೆಂದು ವಿವರಿಸಬೇಕು. ಸೋತವರು ‘ಸಾಕು’ ಎಂದರೆ ಮಾತು ಅಲ್ಲಿಗೆ ಮುಗಿಯಬೇಕು. ಕ್ರೂರ ಬಣದ ಪಾತ್ರ ಬಯಸುವವರನ್ನು ನಾವು ತಡೆಯುವುದಿಲ್ಲ, ಖಳರಿಲ್ಲದೆ ಈ ಆಟಕ್ಕೆ ರುಚಿಯಿಲ್ಲ.

ನಿಮ್ಮ ಸದಸ್ಯರೊಂದಿಗೆ ಮೊದಲು ಒಂಟಿಯಾಗಿ ಮಾತನಾಡಿ, ಟ್ರಿಗ್ಲೇವಿಯನ್ ಸಂದೇಶಗಳನ್ನು ಎದುರಿಗಿಟ್ಟು ಅವರು ಆಡಿದ ಮಾತು ಅದರಲ್ಲಿ ಎಲ್ಲಿದೆ ಎಂದು ಕೇಳಿ. ಪಾತ್ರದ ಮೇಲೆ ನಿಜವಾದ ಪ್ರೀತಿಯಿರುವವರು ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳದಿದ್ದರೆ ಚಾಟಿನ ದಾಖಲೆಗಳನ್ನೂ ದಿನಾಂಕ, ವೇಳೆಗಳನ್ನೂ ಸೇರಿಸಿ ಸಂಸ್ಥೆಗೆ ಸಪೋರ್ಟ್ ಟಿಕೆಟ್ ಹಾಕಿ, ಅವರನ್ನು ಕಾರ್ಪೊರೇಷನ್ನಿನಿಂದ ತೆಗೆಯಿರಿ. ಆಟದ ಗಡಿಯಾರ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ ವೇಳೆಯನ್ನು ಆಟದ ಸಮಯದಲ್ಲೇ ಬರೆದರೆ ಪರಿಶೀಲಿಸುವವರಿಗೆ ಗೊಂದಲವಾಗುವುದಿಲ್ಲ.