ಕನಸಿನೊಳಗೆ ಸಿಕ್ಕಿಬಿದ್ದರೆ

ಪ್ರಶ್ನೆ: ‘ಯುಮೆ ನಿಕ್ಕಿ’ ಆಟದಲ್ಲಿ ಎಷ್ಟು ಅಲೆದರೂ ದಾರಿ ತಿಳಿಯುತ್ತಿಲ್ಲ. ಒಂದು ಮನೆಯಲ್ಲಿ ದೀಪ ಆರಿಸಿದಾಗ ಬಂದ ವಿಕಾರ ಮುಖವನ್ನು ಮುಟ್ಟಿ ಎಲ್ಲೋ ಸಿಕ್ಕಿಹಾಕಿಕೊಂಡೆ. ಹೊರಬರುವುದು ಹೇಗೆ?

ಉತ್ತರ: ಅಲ್ಲಿ ಬಾಗಿಲೇ ಇಲ್ಲ, ಹುಡುಕಬೇಡಿ. ಕೀಬೋರ್ಡಿನ 9 ಒತ್ತಿ, ನೀವು ಆಡಿಸುವ ಹುಡುಗಿ ಮಾದೋತ್ಸುಕಿ ಕೆನ್ನೆ ಚಿವುಟಿಕೊಂಡು ಎಚ್ಚರವಾಗುತ್ತಾಳೆ. ಅವಳ ರೂಪ ಅಥವಾ ಸಾಮರ್ಥ್ಯ ಬದಲಿಸುವ, ನಿಮಗೆ ಸಿಕ್ಕಿದ ಎಫೆಕ್ಟ್‌ಗಳು ಹಾಗೇ ಉಳಿಯುತ್ತವೆ. ಎದ್ದ ಕೂಡಲೇ ಕೋಣೆಯ ಮೇಜಿನಲ್ಲಿ ಸೇವ್ ಮಾಡಿ; ಕನಸಿನೊಳಗೆ ಸೇವ್ ಆಗುವುದಿಲ್ಲ. ಅಂದಹಾಗೆ ಆ ಮುಖ, ಅಂದರೆ ಉಬೋವಾ, ಕಾಣಿಸುವ ಸಾಧ್ಯತೆ 64ರಲ್ಲಿ ಒಂದು. ಅದೃಷ್ಟವಂತರು ನೀವು!

2004ರ ಈ ಜಪಾನಿ ಆಟದಲ್ಲಿ ಮಾತೂ ಇಲ್ಲ, ಸುಳಿವೂ ಇಲ್ಲ. ಕನಸಿನ 12 ಬಾಗಿಲುಗಳ ಆಚೆ 24 ಎಫೆಕ್ಟ್ ಚದುರಿವೆ. ಮೊದಲು ಸೈಕಲ್ ಎಫೆಕ್ಟ್ ಹುಡುಕಿ, ಬರೀ ಕಾಲ್ನಡಿಗೆ ತಾಳ್ಮೆ ತಿನ್ನುತ್ತದೆ. ಹಲವು ಲೋಕಗಳಿಗೆ ಅಂಚಿಲ್ಲ. ಒಂದೇ ದಿಕ್ಕಿಗೆ ಹೋದರೆ ಹೊರಟಲ್ಲಿಗೇ ಬರುತ್ತೀರಿ. ಕಂಡ ಗುರುತುಗಳನ್ನು ಕಾಗದದಲ್ಲಿ ಬರೆದುಕೊಂಡೇ ಮುಂದೆ ಹೋಗಿ.